ಚಕ್ರವನ್ನು ಹಿಡಿದಿರುವುದು ಯಾವುದು?

ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಹಾದಿಯಲ್ಲಿ ಹಂಪಾಪುರವೆಂಬ ಊರಿದೆ. ಕಳೆದ ಬೇಸಿಗೆಯ ಒಂದು ಭಾನುವಾರ ನಮ್ಮ ವಿದ್ಯಾರ್ಥಿಯೊಬ್ಬನ ಆಹ್ವಾನದ ಮೇರೆಗೆ ನಾವು ಆ ಕಡೆಗೆ ಹೋಗಿದ್ದೆವು. ಅವನ ಮನೆ ಊರಿನಿಂದ ಕೆಲವು ಕಿಲೋಮೀಟರು ಒಳಗೆ, ರಾಗಿ ಮತ್ತು ಹೊಗೆಸೊಪ್ಪಿನ ಹೊಲಗಳ ನಡುವೆ ಇದೆ. ನಮ್ಮನ್ನು ಕರೆದೊಯ್ಯಲು ಅವನ ತಂದೆಯವರು ತಮ್ಮ ಹಳೆಯ ಜೀಪನ್ನು ತಂದಿದ್ದರು. ಬಣ್ಣ ಮಾಸಿದ್ದರೂ ಎಂಜಿನು ಗಟ್ಟಿಯಾಗಿದ್ದ ಆ ಬಂಡಿಗೆ ಹೊಸದಾಗಿ ಅಗಲವಾದ ಟೈರುಗಳನ್ನು ಹಾಕಿಸಲಾಗಿತ್ತು. ಚಕ್ರಗಳು ಮಡ್ಗಾರ್ಡಿನಿಂದ ಎರಡು ಬೆರಳಿನಷ್ಟು ಹೊರಕ್ಕೆ ಚಾಚಿಕೊಂಡಿದ್ದುದು ನಮ್ಮ ಕಣ್ಣಿಗೆ ಬಿದ್ದಿತು. ಕೇಳಿದಾಗ ಹುಡುಗನು ಹೆಮ್ಮೆಯಿಂದ, “ಸ್ಪೇಸರ್ ಹಾಕಿಸಿದ್ದೀವಿ ಸಾರ್. ಇಲ್ಲದಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಒಳಗಡೆ ಉಜ್ಜುತ್ತಿತ್ತು” ಎಂದನು.

ಸಂಜೆ ಹಿಂದಿರುಗುವಾಗ ಮುಂದಿನ ಚಕ್ರವೊಂದರಿಂದ ‘ಟಕ್, ಟಕ್’ ಎಂಬ ಸಣ್ಣ ಸದ್ದು ಕೇಳಿಸತೊಡಗಿತು. ಜೀಪಿನ ವೇಗ ಹೆಚ್ಚಿದಂತೆ ಸದ್ದೂ ತ್ವರಿತವಾಗುತ್ತಿತ್ತು. “ಏನೋ ಸದ್ದು ಬತ್ತಾ ಐತಲ್ಲ ಮೇಷ್ಟ್ರೇ” ಎಂದು ಹುಡುಗನ ತಂದೆಯವರು ಬಂಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ಚಕ್ರದ ಹೊರಗಿನ ಐದು ನಟ್ಟುಗಳೂ ಬಿಗಿಯಾಗಿಯೇ ಇದ್ದವು. ಆದರೂ ಸದ್ದಿನ ಕಾರಣ ತಿಳಿಯದೆ ಮುಂದೆ ಹೋಗುವುದು ಬೇಡವೆಂದು ಜಾಕಿ ಕೊಟ್ಟು ಚಕ್ರವನ್ನು ಬಿಚ್ಚಿದೆವು. ಒಳಗೆ, ಚಕ್ರದ ಹಿಂದೆ ಮರೆಯಾಗಿದ್ದ ಸ್ಪೇಸರನ್ನು ನೋಡಿದಾಗ ನಮ್ಮೆಲ್ಲರ ಮಾತೂ ನಿಂತುಹೋಯಿತು. ಅದನ್ನು ಬಂಡಿಗೆ ಹಿಡಿದಿದ್ದ ಐದು ಬೋಲ್ಟುಗಳಲ್ಲಿ ಎರಡು ತುಂಡಾಗಿದ್ದವು. ಉಳಿದ ಮೂರರ ನಟ್ಟುಗಳನ್ನು ಬೆರಳಿನಿಂದಲೇ ತಿರುಗಿಸಬಹುದಾಗಿತ್ತು. ಸ್ವಲ್ಪ ದೂರದಲ್ಲಿಯೇ ಇಳಿಜಾರು, ಅದರ ಬುಡದಲ್ಲಿ ಒಂದು ಮೋರಿ.

ಹುಡುಗನ ಮುಖ ಬಿಳಿಚಿಕೊಂಡಿತ್ತು. “ವಾರಕ್ಕೊಂದು ಸಲ ನಾನೇ ನಟ್ಟುಗಳನ್ನು ಬಿಗಿ ಮಾಡುತ್ತಿದ್ದೆ ಸಾರ್. ಉಕ್ಕಿನ ಬೋಲ್ಟು ಹೇಗೆ ತುಂಡಾಯಿತು?” ಎಂದು ಅವನು ಕೇಳಿದನು. ಅಂದು ರಸ್ತೆಯ ಬದಿಯಲ್ಲಿ ನಿಂತು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ. ಇದಕ್ಕೆ ಬೇಕಾದ ವಿಜ್ಞಾನ ಸರಳವಾದುದು. ಹುಕ್ ನಿಯಮ, ಘರ್ಷಣೆ, ಸನ್ನೆ, ಈ ಮೂರರ ಪರಿಚಯವಿದ್ದರೆ ಸಾಕು.

ಸ್ಪೇಸರ್ ಎಂದರೇನು?

ಮೋಟಾರು ಬಂಡಿಯ ಇರಚಿಯ ತುದಿಯಲ್ಲಿ ತಿರುಗುವ ಒಂದು ಗಟ್ಟಿಯಾದ ಭಾಗವುಂಟು. ಅದಕ್ಕೆ ‘ಹಬ್’ ಎಂದು ಹೆಸರು. ಹಬ್ಬಿನ ಸಮತಟ್ಟಾದ ಮುಖದಿಂದ ನಾಲ್ಕೋ ಐದೋ ಆರೋ ಬೋಲ್ಟುಗಳು ಹೊರಕ್ಕೆ ಚಾಚಿರುತ್ತವೆ. ಚಕ್ರವನ್ನು ಇವುಗಳಿಗೆ ಪೋಣಿಸಿ ನಟ್ಟು ಬಿಗಿಯುತ್ತಾರೆ. ಹಬ್ಬಿಗೂ ಚಕ್ರಕ್ಕೂ ನಡುವೆ ಲೋಹದ ದಪ್ಪ ಬಿಲ್ಲೆಯೊಂದನ್ನು ಇಟ್ಟರೆ ಚಕ್ರ ಅಷ್ಟು ಹೊರಕ್ಕೆ ಸರಿಯುತ್ತದೆ. ಈ ಬಿಲ್ಲೆಯೇ ಸ್ಪೇಸರ್.

ಇದರಲ್ಲಿ ಎರಡು ಬಗೆ. ಮೊದಲನೆಯದು ಬರಿಯ ತಟ್ಟೆ. ಅದನ್ನು ಹಬ್ಬಿನ ಬೋಲ್ಟುಗಳಿಗೆ ಪೋಣಿಸಿ, ಅದರ ಮೇಲೆ ಚಕ್ರವನ್ನಿಟ್ಟು, ಅದೇ ಬೋಲ್ಟುಗಳಿಗೆ ನಟ್ಟು ಹಾಕುತ್ತಾರೆ. ಎರಡನೆಯದು ಇನ್ನೂ ದಪ್ಪನಾದುದು. ಅದನ್ನು ಹಬ್ಬಿನ ಬೋಲ್ಟುಗಳಿಗೆ ಬೇರೆ ನಟ್ಟುಗಳಿಂದ ಬಿಗಿಯುತ್ತಾರೆ. ಬಿಲ್ಲೆಗೆ ತನ್ನವೇ ಆದ ಬೋಲ್ಟುಗಳಿದ್ದು, ಚಕ್ರವನ್ನು ಅವುಗಳಿಗೆ ಕಟ್ಟುತ್ತಾರೆ. ಹಂಪಾಪುರದ ಜೀಪಿನಲ್ಲಿದ್ದುದು ಈ ಎರಡನೆಯ ಬಗೆ, ಸುಮಾರು 30 ಮಿ.ಮೀ. ದಪ್ಪದ ಅಲ್ಯುಮಿನಿಯಂ ಬಿಲ್ಲೆ. ಹುಡುಗನು ವಾರವಾರವೂ ಬಿಗಿಮಾಡುತ್ತಿದ್ದುದು ಹೊರಗಿನ ನಟ್ಟುಗಳನ್ನು. ಸಡಿಲವಾದುದು ಕಣ್ಣಿಗೆ ಕಾಣದ ಒಳಗಿನ ನಟ್ಟುಗಳು!

ಇಂತಹ ಬಿಲ್ಲೆಗಳಿಗೆ ಬೇಡಿಕೆ ಹುಟ್ಟಿದುದೇಕೆ? 1964ರಲ್ಲಿ ಅಮೆರಿಕದ ಪಾಂಟಿಯಾಕ್ ಸಂಸ್ಥೆಯವರು ಜಿ.ಟಿ.ಓ. ಎಂಬ ಕಾರನ್ನು ಮಾರಾಟಕ್ಕೆ ತಂದರು. ಮಧ್ಯಮ ಗಾತ್ರದ ಆ ಕಾರಿಗೆ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನನ್ನು ಇಟ್ಟಿದ್ದರು. ನಮ್ಮ ಅಂಬಾಸಡರ್ ಕಾರಿನಲ್ಲಿ ಬಹುಕಾಲವಿದ್ದ ಎಂಜಿನು 1,489 ಘನ ಸೆಂಟಿಮೀಟರಿನದೆಂಬುದನ್ನು ನೆನೆದರೆ ವ್ಯತ್ಯಾಸ ತಿಳಿದೀತು. ಅದೇ ವರ್ಷದ ಏಪ್ರಿಲಿನಲ್ಲಿ ಫೋರ್ಡ್ ಮಸ್ಟಾಂಗ್ ಬಂದಿತು. ಮುಂದೆ ಇಂತಹ ಪ್ರಬಲ ಎಂಜಿನಿನ ಕಾರುಗಳಿಗೆ ‘ಮಸಲ್ ಕಾರು’, ಎಂದರೆ ತೋಳ್ಬಲದ ಕಾರು, ಎಂದು ಹೆಸರಾಯಿತು. ಇಂದು ಅವನ್ನು ಉಳಿಸಿಕೊಂಡಿರುವ ಆಸಕ್ತರು ಅವುಗಳಿಗೆ ಹೊಸ ಬಗೆಯ ಬ್ರೇಕುಗಳನ್ನೂ ಅಗಲವಾದ ಚಕ್ರಗಳನ್ನೂ ಜೋಡಿಸಲು ಬಯಸುತ್ತಾರೆ. ಹೊಸ ಚಕ್ರ ಹಳೆಯ ಬಂಡಿಗೆ ಸರಿಹೊಂದದೆ ಒಳಗೆ ಎಲ್ಲಿಯೋ ತಾಗುತ್ತದೆ. ಆಗ ಬಿಲ್ಲೆಯ ಹುಡುಕಾಟ ಆರಂಭವಾಗುತ್ತದೆ.

ನಮ್ಮಲ್ಲಿ ಆ ಕಾರುಗಳು ವಿರಳ. ಅವುಗಳ ಸ್ಥಾನದಲ್ಲಿರುವುದು ಜೀಪು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಅಂದಿನಿಂದ ಕಾಡಂಚಿನ ಹಾದಿಗಳಿಗೂ ಮಣ್ಣು ರಸ್ತೆಗಳಿಗೂ ಹೊಂದಿಕೊಂಡ ಈ ಬಂಡಿಗಳು ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆಯ ಜನಜೀವನದಲ್ಲಿ ಬೆರೆತುಹೋಗಿವೆ. ಹಳೆಯ ಜೀಪಿಗೆ ಅಗಲ ಟೈರು ಹಾಕಿಸುವ ಬಯಕೆ ತರುಣರಲ್ಲಿ ಹೆಚ್ಚಿದೆ. ಬಿಲ್ಲೆಗಾಗಿ ಕೆಲವರು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಲೆಯುತ್ತಾರೆ. ಕೆಲವರು ಗುಜರಿಯಿಂದ ಲೋಹದ ತುಂಡನ್ನು ತಂದು ಹತ್ತಿರದ ಲೇತಿನಲ್ಲಿ ಕಡೆಸುತ್ತಾರೆ. ‘ಕೂರುತ್ತದೆಯೋ ಇಲ್ಲವೋ’ ಎಂಬ ಒಂದೇ ಪ್ರಶ್ನೆ ಎಲ್ಲರ ಮನಸ್ಸಿನಲ್ಲಿರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ.

ಬೋಲ್ಟು ಒಂದು ಸ್ಪ್ರಿಂಗು

ಎತ್ತಿನ ಗಾಡಿಯ ಚಕ್ರ ಅಚ್ಚಿನ ಮೇಲೆ ಕುಳಿತು ತಿರುಗುತ್ತದೆ. ಭಾರವನ್ನು ಹೊರುವುದು ಅಚ್ಚು. ಚಕ್ರ ಕಳಚಿ ಬೀಳದಂತೆ ತಡೆಯುವುದಷ್ಟೇ ಕಡಾಣಿಯ ಕೆಲಸ. ಮೋಟಾರು ಬಂಡಿಯ ಬೋಲ್ಟುಗಳೂ ಹೀಗೆಯೇ ಐದು ಗೂಟಗಳಂತೆ ನಿಂತು, ಚಕ್ರವನ್ನು ತಮ್ಮ ಮೈಮೇಲೆ ನೇತುಹಾಕಿಕೊಂಡಿವೆ ಎಂದು ಬಹುಮಂದಿ ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ.

ವಾಚಕರು ಒಂದು ಪ್ರಯೋಗ ಮಾಡಿ ನೋಡಬಹುದು. ಮೇಜಿನ ಮೇಲೆ ಏಳೆಂಟು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಎರಡು ತುದಿಗಳಿಂದ ಅಂಗೈಗಳಿಂದ ಬಲವಾಗಿ ಒತ್ತಿ, ಸಾಲನ್ನೇ ಮೇಲಕ್ಕೆತ್ತಿರಿ. ನಡುವಿನ ಪುಸ್ತಕಗಳಿಗೆ ಕೆಳಗಡೆ ಯಾವ ಆಸರೆಯೂ ಇಲ್ಲ. ಆದರೂ ಬೀಳುವುದಿಲ್ಲ. ಅವನ್ನು ಹಿಡಿದಿರುವುದು ಒತ್ತಡದಿಂದ ಉಂಟಾದ ಘರ್ಷಣೆ. ಅಂಗೈಗಳನ್ನು ತುಸು ಸಡಿಲಿಸಿದರೆ ಎಲ್ಲವೂ ಜಾರಿ ಬೀಳುತ್ತವೆ.

ಚಕ್ರವೂ ಹೀಗೆಯೇ. ನಟ್ಟನ್ನು ಬಿಗಿದಾಗ ಬೋಲ್ಟು ಅತ್ಯಲ್ಪವಾಗಿ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತದೆ. ಆ ಎಳೆತ ಚಕ್ರವನ್ನು ಹಬ್ಬಿನ ಮುಖಕ್ಕೆ ಅದುಮುತ್ತದೆ. ಹೀಗೆ ಅದುಮಿದ ಎರಡು ಮುಖಗಳ ನಡುವಣ ಘರ್ಷಣೆಯೇ ಬಂಡಿಯ ಭಾರವನ್ನು ಹೊರುತ್ತದೆ. ಬೋಲ್ಟಿನ ಕೆಲಸ ಅದುಮುವುದು, ಹೊರುವುದಲ್ಲ.

ಈ ಬಲ ಎಷ್ಟು? ಹಳೆಯ ಜೀಪಿನ ಬೋಲ್ಟಿನ ವ್ಯಾಸ ಅರ್ಧ ಅಂಗುಲ, ಎಂದರೆ 12.7 ಮಿ.ಮೀ. ಅರ್ಧ ಮೀಟರು ಉದ್ದದ ವೀಲ್ ಪಾನಾದ ತುದಿಯನ್ನು 20 ಕಿಲೋಗ್ರಾಂ ತೂಕದಷ್ಟು, ಎಂದರೆ ಸುಮಾರು 200 ನ್ಯೂಟನ್ ಬಲದಿಂದ ಒತ್ತಿದೆವೆನ್ನೋಣ. ತಿರುಚುವ ಭ್ರಾಮಕ 100 ನ್ಯೂಟನ್-ಮೀಟರು. ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಟ್ಟಿನ ಘರ್ಷಣೆಯಲ್ಲಿಯೇ ವ್ಯಯವಾಗುತ್ತದೆ. ಉಳಿದುದರಿಂದ ಬೋಲ್ಟು ಹಿಗ್ಗುತ್ತದೆ. ಎಂಜಿನಿಯರುಗಳು ಬಳಸುವ ಸ್ಥೂಲ ಸೂತ್ರದಂತೆ, ಭ್ರಾಮಕವನ್ನು ವ್ಯಾಸದಿಂದಲೂ 0.2 ಎಂಬ ಸಂಖ್ಯೆಯಿಂದಲೂ ಭಾಗಿಸಿದರೆ ಎಳೆತದ ಬಲ ದೊರೆಯುತ್ತದೆ. ಅದು ಸುಮಾರು 39,000 ನ್ಯೂಟನ್, ಹೆಚ್ಚುಕಡಮೆ ನಾಲ್ಕು ಟನ್ನು ತೂಕಕ್ಕೆ ಸಮ! ಐದು ಬೋಲ್ಟುಗಳಿಂದ ಇಪ್ಪತ್ತು ಟನ್ನು. ಘರ್ಷಣ ಗುಣಾಂಕವನ್ನು 0.15 ಎಂದಿಟ್ಟುಕೊಂಡರೆ, ಮುಖಗಳು ಜಾರದೆ ತಡೆದುಕೊಳ್ಳಬಲ್ಲ ಬಲ ಮೂರು ಟನ್ನು. ಜನ ತುಂಬಿದ ಜೀಪಿನ ತೂಕ 1,800 ಕಿಲೋಗ್ರಾಂ ಎಂದರೂ ಒಂದು ಚಕ್ರಕ್ಕೆ ಬೀಳುವ ಭಾರ 450 ಕಿಲೋಗ್ರಾಂ ಮಾತ್ರ. ಆರು ಪಟ್ಟಿಗಿಂತ ಹೆಚ್ಚಿನ ರಕ್ಷಣೆ ಇದೆಯೆಂದಾಯಿತು. ಹಳ್ಳಕೊಳ್ಳಗಳ ಕುಲುಕಾಟಕ್ಕೆ ಬೇಕಾದ ಮಿಗತೆ ಇದೇ.

ಅರ್ಧ ಕಾಗದದ ದಪ್ಪ

ಇನ್ನು ಮುಖ್ಯ ಪ್ರಶ್ನೆ. ಇಷ್ಟು ಬಲವನ್ನು ಹುಟ್ಟಿಸುವ ಆ ಹಿಗ್ಗುವಿಕೆ ಎಷ್ಟು? ನಟ್ಟಿಗೂ ಹಬ್ಬಿಗೂ ನಡುವೆ ಹಿಗ್ಗುವ ಬೋಲ್ಟಿನ ಉದ್ದ 25 ಮಿ.ಮೀ. ಇರಲಿ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 103 ಚದರ ಮಿ.ಮೀ. ಉಕ್ಕಿನ ಯಂಗ್ ಗುಣಾಂಕ ಚದರ ಮಿಲಿಮೀಟರಿಗೆ 2,00,000 ನ್ಯೂಟನ್. ಬಲವನ್ನು ಉದ್ದದಿಂದ ಗುಣಿಸಿ, ವಿಸ್ತೀರ್ಣ ಮತ್ತು ಯಂಗ್ ಗುಣಾಂಕಗಳ ಗುಣಲಬ್ಧದಿಂದ ಭಾಗಿಸಿದರೆ ಬರುವ ಉತ್ತರ 0.047 ಮಿ.ಮೀ.

ವಾಚಕರು ಈಗ ಓದುತ್ತಿರುವಂತಹ ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅದರ ಅರ್ಧದಷ್ಟೂ ಇಲ್ಲದ ಹಿಗ್ಗುವಿಕೆಯ ಮೇಲೆ ಒಂದು ಚಕ್ರದ ಭದ್ರತೆ ನಿಂತಿದೆ! ಬಿಗಿದ ಮೇಲೆ ನಡುವಿನ ವಸ್ತು ಅಷ್ಟು ಕುಗ್ಗಿತೆಂದರೆ ಬೋಲ್ಟು ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ. ಆಗ ನಟ್ಟು ಒಂದಿಷ್ಟೂ ತಿರುಗದೆಯೇ ನಾಲ್ಕು ಟನ್ನಿನ ಎಳೆತ ಮಾಯವಾಗುತ್ತದೆ.

ಕುಗ್ಗುವಂತಹುದು ಏನಿದೆ? ಮೊದಲನೆಯದು ಬಣ್ಣ. ಒಂದು ಲೇಪ ಬಣ್ಣದ ದಪ್ಪವೇ 0.05 ಮಿ.ಮೀ.ಗೆ ಬರಬಹುದು. ಇಪ್ಪತ್ತು ಟನ್ನಿನ ಒತ್ತಡದಲ್ಲಿ ಬಣ್ಣ ದಿನೇ ದಿನೇ ಹಿಸುಕಿ ಹೊರಬರುತ್ತದೆ. ಎರಡನೆಯದು ತುಕ್ಕು. ಹಳೆಯ ಹಬ್ಬಿನ ಮುಖದ ತುಕ್ಕು ಪುಡಿಯಾಗಿ ಉದುರುತ್ತದೆ. ಮೂರನೆಯದು ಮಣ್ಣು. ನಾಲ್ಕನೆಯದು ಅಲ್ಯುಮಿನಿಯಮ್ಮಿನ ಮೆದುತನ. ನಟ್ಟಿನ ಅಡಿಯಲ್ಲಿ ಅದು ತುಸು ತಗ್ಗಿ ಕೂರುತ್ತದೆ. ಸ್ಪೇಸರ್ ಇಲ್ಲದಿದ್ದಾಗ ಹಬ್ಬಿಗೂ ಚಕ್ರಕ್ಕೂ ನಡುವೆ ಒಂದೇ ಸಂಧಿ ಇತ್ತು. ಸ್ಪೇಸರ್ ಬಂದೊಡನೆ ಎರಡು ಸಂಧಿಗಳಾದವು. ಅದುಮಿಕೊಳ್ಳುವ ಮುಖಗಳು ಎರಡರಿಂದ ನಾಲ್ಕಕ್ಕೆ ಏರಿದವು. ಹಂಪಾಪುರದ ಜೀಪಿನ ಬಿಲ್ಲೆಗೆ ಅಂದಕ್ಕಾಗಿ ಎರಡು ಕಡೆಯೂ ಕೆಂಪು ಬಣ್ಣ ಬಳಿಯಲಾಗಿತ್ತು. ಒಳಮುಖದ ಬಣ್ಣ ನುಣ್ಣಗೆ ಸವೆದು, ಅದರ ಅಡಿಯ ಲೋಹ ಹೊಳೆಯುತ್ತಿದ್ದುದನ್ನು ನಾವು ಕಂಡೆವು. ಎರಡು ಮುಖಗಳು ಒಂದರ ಮೇಲೊಂದು ಜಾರಿ ಉಜ್ಜಿಕೊಂಡಿದ್ದುದಕ್ಕೆ ಅದೇ ಸಾಕ್ಷಿ.

ಅದುಮುವ ಬಲ ಹತ್ತನೆಯ ಒಂದು ಪಾಲಿಗೆ ಇಳಿದರೆ ಘರ್ಷಣೆ ತಡೆಯಬಲ್ಲ ಭಾರ 300 ಕಿಲೋಗ್ರಾಂ ಮಾತ್ರ. ಚಕ್ರದ ಮೇಲಿರುವುದು 450. ಆಗ ಮುಖಗಳು ಜಾರದೆ ವಿಧಿಯಿಲ್ಲ. ಜಾರತೊಡಗಿದ ಮೇಲೆ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುವ ಪ್ರಕ್ರಿಯೆಯೂ ಆರಂಭವಾಗುತ್ತದೆ. ಬೋಲ್ಟಿಗೆ ಅಡ್ಡಲಾಗಿ ಆಗುವ ಇಂತಹ ಜಾರುವಿಕೆಯೇ ನಟ್ಟು ಸಡಿಲವಾಗಲು ಪ್ರಬಲ ಕಾರಣವೆಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರರು 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು.

ಉಕ್ಕಿಗೂ ದಣಿವುಂಟು

ಬೋಲ್ಟು ತುಂಡಾದುದೇಕೆ ಎಂಬುದಕ್ಕೆ ಈಗ ಉತ್ತರ ಹೇಳಬಹುದು. ಬಿಗಿಯಾಗಿದ್ದಾಗ ಬೋಲ್ಟಿನ ಎಳೆತ ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಚಕ್ರ ತಿರುಗುವಾಗ ಬರುವ ಏರಿಳಿತದ ಅಲ್ಪಾಂಶ ಮಾತ್ರ ಅದಕ್ಕೆ ತಾಗುತ್ತದೆ. ಸಡಿಲವಾದೊಡನೆ ಅದು ನಿಜಕ್ಕೂ ಗೂಟವಾಗಿಬಿಡುತ್ತದೆ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಬೋಲ್ಟು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಬಾಗುತ್ತದೆ. ತಂತಿಯೊಂದನ್ನು ಕೈಯಿಂದ ಎಳೆದು ಹರಿಯಲಾರೆವು. ಹಿಂದಕ್ಕೂ ಮುಂದಕ್ಕೂ ಹಲವು ಬಾರಿ ಬಗ್ಗಿಸಿದರೆ ಸುಲಭವಾಗಿ ತುಂಡಾಗುತ್ತದೆ. ಇದು ಎಲ್ಲರೂ ಬಲ್ಲ ಸಂಗತಿ. ಬೋಲ್ಟಿನಲ್ಲಿ ಬಾಗುವಿಕೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ಎಣಿಕೆ ದೊಡ್ಡದು. ಟೈರಿನ ತ್ರಿಜ್ಯ 36 ಸೆಂಟಿಮೀಟರಾದರೆ ಸುತ್ತಳತೆ ಸುಮಾರು 2.26 ಮೀಟರು. ಒಂದು ಕಿಲೋಮೀಟರಿಗೆ 440 ಸುತ್ತು. ಸಾವಿರ ಕಿಲೋಮೀಟರಿಗೆ ನಾಲ್ಕು ಲಕ್ಷಕ್ಕೂ ಮೀರಿದ ಬಾಗುವಿಕೆಗಳು!

ಈ ಪಾಠವನ್ನು ಲೋಕ ಕಲಿತದ್ದು ದುಬಾರಿ ಬೆಲೆ ತೆತ್ತು. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹಿಂದಿರುಗುತ್ತಿದ್ದ ರೈಲಿನ ಎಂಜಿನಿನ ಇರಚಿಯೊಂದು ಮುರಿದು, ಐವತ್ತಕ್ಕೂ ಹೆಚ್ಚು ಜನ ಬೆಂಕಿಯಲ್ಲಿ ಸತ್ತರು. ಮುಂದಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ರೈಲಿನ ಇರಚಿಗಳನ್ನು ಲಕ್ಷಾಂತರ ಬಾರಿ ಬಗ್ಗಿಸಿ ಪರೀಕ್ಷಿಸಿದನು. ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಮೆ ಬಲವೂ ಮತ್ತೆ ಮತ್ತೆ ಬಿದ್ದರೆ ಲೋಹವನ್ನು ಮುರಿಯಬಲ್ಲದೆಂದು ತೋರಿಸಿದನು. ಇದನ್ನೇ ಲೋಹದ ದಣಿವು ಎನ್ನುವುದು. ಜೀಪಿನಲ್ಲಿ ತುಂಡಾಗಿದ್ದ ಬೋಲ್ಟುಗಳ ಕೊನೆಯಲ್ಲಿಯೂ ಅದರ ಗುರುತಿತ್ತು. ಮುಖದ ಬಹುಭಾಗ ನಯವಾಗಿ, ಅಲೆ ಅಲೆಯಾದ ಗೆರೆಗಳಿಂದ ಕೂಡಿತ್ತು. ಒಂದು ಅಂಚು ಮಾತ್ರ ಒರಟಾಗಿತ್ತು. ಬಿರುಕು ನಿಧಾನವಾಗಿ ಬೆಳೆದು, ಉಳಿದ ಅಂಚು ಕೊನೆಗೊಮ್ಮೆ ಕಿತ್ತುಹೋಗಿದೆ ಎಂದು ಇದರ ಅರ್ಥ. ಒಂದು ಬೋಲ್ಟು ಹೋದಾಗ ಅದರ ಹೊರೆ ಮಿಕ್ಕವುಗಳ ಮೇಲೆ ಬೀಳುತ್ತದೆ. ಆದುದರಿಂದ ಎರಡನೆಯದು ಮೊದಲನೆಯದಕ್ಕಿಂತ ಬೇಗ, ಮೂರನೆಯದು ಇನ್ನೂ ಬೇಗ ಮುರಿಯುತ್ತದೆ.

ಸನ್ನೆಯ ಲೆಕ್ಕ

ಬಿಲ್ಲೆಯನ್ನು ಎಷ್ಟೇ ಚೆನ್ನಾಗಿ ಕೂರಿಸಿದರೂ ತಪ್ಪಿಸಲಾಗದ ಇನ್ನೊಂದು ಪರಿಣಾಮವುಂಟು. ಹಬ್ಬಿನೊಳಗೆ ಸಾಮಾನ್ಯವಾಗಿ ಎರಡು ಬೇರಿಂಗುಗಳಿರುತ್ತವೆ. ಟೈರಿನ ನಡುಗೆರೆ ಅವೆರಡರ ನಡುವೆ ಬೀಳುವಂತೆ ತಯಾರಕರು ಏರ್ಪಡಿಸಿರುತ್ತಾರೆ. ಅಡ್ಡೆಯ ಮಧ್ಯದಲ್ಲಿ ಭಾರವನ್ನು ತೂಗುಹಾಕಿ ಇಬ್ಬರು ಹೊತ್ತಂತೆ, ಎರಡು ಬೇರಿಂಗುಗಳೂ ಹೊರೆಯನ್ನು ಹಂಚಿಕೊಳ್ಳುತ್ತವೆ.

ಎಣಿಕೆಯ ಸೌಕರ್ಯಕ್ಕಾಗಿ ಬೇರಿಂಗುಗಳ ನಡುವಣ ದೂರ 60 ಮಿ.ಮೀ. ಎಂದೂ ಭಾರ ಸರಿಯಾಗಿ ನಡುವೆ ಇದೆಯೆಂದೂ ಭಾವಿಸೋಣ. ಈಗ 30 ಮಿ.ಮೀ. ಬಿಲ್ಲೆ ಹಾಕಿದರೆ ಭಾರ ಹೊರಗಿನ ಬೇರಿಂಗಿನ ನೇರಕ್ಕೆ ಬರುತ್ತದೆ. ಮೊದಲು ಅರ್ಧ ಹೊರುತ್ತಿದ್ದ ಬೇರಿಂಗು ಈಗ ಪೂರ್ತಿ ಹೊರಬೇಕು. ಹೊರೆ ಎರಡು ಪಟ್ಟಾದರೆ ಆಯುಸ್ಸು ಅರ್ಧವಾದೀತೆಂದು ತೋರಬಹುದು. ಆದರೆ ರೋಲರ್ ಬೇರಿಂಗಿನ ಆಯುಸ್ಸು ಹೊರೆಯ ಮೂರೂ ಮೂರನೇ ಒಂದನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಎರಡನ್ನು ಆ ಘಾತಕ್ಕೆ ಏರಿಸಿದರೆ ಹತ್ತು. ಹೊರಗಿನ ಬೇರಿಂಗಿನ ಆಯುಸ್ಸು ಹತ್ತನೆಯ ಒಂದು ಪಾಲಾಯಿತು!

ಸ್ಟಿಯರಿಂಗಿನ ಮಾತೂ ಹೀಗೆಯೇ. ಮುಂದಿನ ಚಕ್ರ ತಿರುಗುವುದು ಕಿಂಗ್ ಪಿನ್ ಎಂಬ ಓರೆಯಾದ ಗೂಟದ ಸುತ್ತ. ಆ ಗೂಟದ ಗೆರೆಯನ್ನು ನೆಲದವರೆಗೆ ಎಳೆದರೆ ಅದಕ್ಕೂ ಟೈರಿನ ನಡುವಿಗೂ ಸ್ವಲ್ಪ ಅಂತರವಿರುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದಾಗ ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುವ ಸನ್ನೆ ಈ ಅಂತರವೇ. ಅದು 40 ಮಿ.ಮೀ. ಇದ್ದುದು 70ಕ್ಕೆ ಏರಿದರೆ ಸೆಳೆತ ಮುಕ್ಕಾಲು ಪಾಲು ಹೆಚ್ಚಿತೆಂದೇ ಲೆಕ್ಕ.

ಲಾಭವೆಷ್ಟು?

ಚಕ್ರಗಳು ಅಗಲವಾಗಿ ನಿಂತರೆ ಬಂಡಿ ಮಗುಚುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಅದನ್ನೂ ಅಳೆದು ನೋಡೋಣ. ಹಳೆಯ ಜೀಪಿನ ಎಡ ಬಲ ಚಕ್ರಗಳ ನಡುವಣ ದೂರ ಸುಮಾರು 1.23 ಮೀಟರು. ಗುರುತ್ವ ಕೇಂದ್ರ ನೆಲದಿಂದ 0.65 ಮೀಟರು ಎತ್ತರದಲ್ಲಿದೆ ಎನ್ನೋಣ. ಬಂಡಿಯನ್ನು ಪಕ್ಕಕ್ಕೆ ಓರೆ ಮಾಡುತ್ತ ಹೋದರೆ ಸುಮಾರು 43 ಡಿಗ್ರಿಯಲ್ಲಿ ಮಗುಚುತ್ತದೆ. ಎರಡು ಕಡೆಯೂ 30 ಮಿ.ಮೀ. ಬಿಲ್ಲೆ ಹಾಕಿದರೆ ಅದು 45 ಡಿಗ್ರಿಗೆ ಹತ್ತಿರವಾಗುತ್ತದೆ. ಲಾಭ ಒಂದೂವರೆ ಡಿಗ್ರಿಯಷ್ಟು. ಅದೇ ಜೀಪಿನಲ್ಲಿ ಮಿತಿಮೀರಿ ಜನರನ್ನೂ ಮೇಲೆ ಮೂಟೆಗಳನ್ನೂ ಹೇರಿ ಗುರುತ್ವ ಕೇಂದ್ರ 0.85 ಮೀಟರಿಗೆ ಏರಿದರೆ ಕೋನ 36 ಡಿಗ್ರಿಗೆ ಕುಸಿಯುತ್ತದೆ. ಬಿಲ್ಲೆ ಕೊಟ್ಟುದನ್ನು ನಾಲ್ಕು ಮೂಟೆಗಳು ಕಿತ್ತುಕೊಳ್ಳುತ್ತವೆ. ಸ್ಥಿರತೆ ಬೇಕಾದವರು ಮೊದಲು ಹೊರೆಯನ್ನು ಇಳಿಸುವುದು ಮೇಲು.

ಹೊಗೆಸೊಪ್ಪಿನ ಸಾಲುಗಳಲ್ಲಿ ಓಡಾಡುವ ಟ್ರ್ಯಾಕ್ಟರಿನ ಚಕ್ರಗಳನ್ನೂ ಅಗಲ ಮಾಡುತ್ತಾರಲ್ಲವೆ ಎಂದು ಹುಡುಗನು ಕೇಳಿದನು. ಪ್ರಶ್ನೆ ಒಳ್ಳೆಯದೇ. ಅನೇಕ ಟ್ರ್ಯಾಕ್ಟರುಗಳಲ್ಲಿ ಚಕ್ರದ ತಟ್ಟೆಯನ್ನು ತಿರುವಿ ಹಾಕಿ ಅಗಲವನ್ನು ಬದಲಿಸುವಂತೆ ತಯಾರಕರೇ ರಚಿಸಿರುತ್ತಾರೆ. ಇರಚಿ, ಬೇರಿಂಗು, ಬೋಲ್ಟುಗಳನ್ನು ಅತ್ಯಂತ ಅಗಲದ ಸ್ಥಾನಕ್ಕೂ ಎಣಿಕೆ ಹಾಕಿಯೇ ಮಾಡಿರುತ್ತಾರೆ. ಅಲ್ಲಿ ಹೊಸ ಸಂಧಿ ಹುಟ್ಟುವುದಿಲ್ಲ. ಬೇಗ ಓಡುವ ಬಂಡಿಯೂ ಅದಲ್ಲ.

ಹುಡುಕುವವರು ಅಳೆಯಬೇಕಾದುದು

ಎಲ್ಲ ಬಿಲ್ಲೆಗಳೂ ಅಪಾಯಕರವೆಂದು ನಾವು ಹೇಳುವುದಿಲ್ಲ. ತಯಾರಕರೇ ಒಪ್ಪಿ ಕೊಟ್ಟ, ಬಡಿದು ಹದಗೊಳಿಸಿದ ಒಳ್ಳೆಯ ಮಿಶ್ರಲೋಹದ ಬಿಲ್ಲೆಗಳೂ ಇವೆ. ಗುಜರಿ ಲೋಹವನ್ನು ಕರಗಿಸಿ ಎರಕ ಹೊಯ್ದವುಗಳಲ್ಲಿ ಗಾಳಿಗುಳ್ಳೆಗಳಿದ್ದು, ಬಿರುಕುಗಳು ಅಲ್ಲಿಂದಲೇ ಹೊರಡುತ್ತವೆ. ಬಿಲ್ಲೆಯನ್ನು ಕೊಳ್ಳುವ ಮೊದಲು ಈ ಅಳತೆಗಳು ತಿಳಿದಿರಬೇಕು.

ಮೊದಲನೆಯದು ಬೋಲ್ಟುಗಳ ವೃತ್ತದ ವ್ಯಾಸ. ಐದು ಬೋಲ್ಟುಗಳಿದ್ದರೆ ಎದುರುಬದುರು ಜೋಡಿಯಿರುವುದಿಲ್ಲವಾದ್ದರಿಂದ ನೇರವಾಗಿ ಅಳೆಯಲಾಗದು. ಅಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನಿಂದ ನಡುವಿಗೆ ಅಳೆದು 0.588ರಿಂದ ಭಾಗಿಸಬೇಕು. 36 ಡಿಗ್ರಿಯ ಸೈನ್ ಅದು. ಹಳೆಯ ಜೀಪಿನಲ್ಲಿ ಈ ವ್ಯಾಸ 139.7 ಮಿ.ಮೀ., ಪಾಂಟಿಯಾಕ್ ಜಿ.ಟಿ.ಓ.ದಲ್ಲಿ 120.65, ಐದು ಬೋಲ್ಟಿನ ಹಳೆಯ ಮಸ್ಟಾಂಗಿನಲ್ಲಿ 114.3. ಕೊನೆಯ ಎರಡಕ್ಕೆ ಇರುವ ವ್ಯತ್ಯಾಸ ಕಾಲು ಅಂಗುಲ. ಅಕ್ಕಪಕ್ಕದ ಬೋಲ್ಟುಗಳಲ್ಲಿ ಅದು ನಾಲ್ಕು ಮಿಲಿಮೀಟರಿಗೂ ಕಡಮೆ. ‘ತುಸು ಒತ್ತಿದರೆ ಕೂರುತ್ತದೆ’ ಎಂಬ ಮಾತಿಗೆ ಇದರಿಂದಲೇ ಅವಕಾಶವಾಗುವುದು. ಹಾಗೆ ಒತ್ತಿ ಕೂರಿಸಿದ ಬೋಲ್ಟು ಮೊದಲ ದಿನದಿಂದಲೇ ಬಾಗಿರುತ್ತದೆ.

ಎರಡನೆಯದು ಹಬ್ಬಿನ ನಡುವಿನ ಉಬ್ಬು. ಬಿಲ್ಲೆಯ ನಡುರಂಧ್ರ ಅದರ ಮೇಲೆ ಸಂದಿಯಿಲ್ಲದೆ ಕೂರಬೇಕು. ಮೂರನೆಯದು ನಟ್ಟು ಹಿಡಿಯುವ ಮರೆಯ ಉದ್ದ. ಅದು ಬೋಲ್ಟಿನ ವ್ಯಾಸದಷ್ಟಾದರೂ ಇರಬೇಕು. ಅಂಗುಲಕ್ಕೆ 20 ಮರೆಗಳಿರುವ ಅರ್ಧ ಅಂಗುಲದ ಬೋಲ್ಟಿನಲ್ಲಿ ನಟ್ಟು ಹತ್ತು ಪೂರ್ಣ ಸುತ್ತು ತಿರುಗಬೇಕು. 6 ಮಿ.ಮೀ. ತಟ್ಟೆಯೊಂದನ್ನು ಸೇರಿಸಿದರೆ ಐದು ಸುತ್ತುಗಳು ಹೋದವು. ಬೋಲ್ಟನ್ನು ಬದಲಿಸದೆ ತಟ್ಟೆ ಸೇರಿಸುವುದು ಆದುದರಿಂದಲೇ ಅಪಾಯ. ಎರಡು ತಟ್ಟೆಗಳನ್ನು ಒಂದರ ಮೇಲೊಂದು ಇಡುವುದಂತೂ ಸಲ್ಲದು.

ನಾಲ್ಕನೆಯದು ಮರೆಯ ದಿಕ್ಕು. ಹಳೆಯ ವಿಲ್ಲಿಸ್ ಜೀಪುಗಳ ಮತ್ತು 1960ರ ದಶಕದ ಕ್ರೈಸ್ಲರ್ ಕಾರುಗಳ ಎಡಗಡೆಯ ಚಕ್ರಗಳಲ್ಲಿ ಎಡಮರೆಯ ಬೋಲ್ಟುಗಳಿರುತ್ತಿದ್ದವು. ತಿಳಿಯದವರು ಬಿಚ್ಚುವೆನೆಂದು ಬಿಗಿಯುತ್ತ ಹೋಗಿ ಬೋಲ್ಟಿನ ಜೀವವನ್ನೇ ತೆಗೆಯುತ್ತಾರೆ.

ಇಷ್ಟೂ ಹೊಂದಿದ ಮೇಲೆ ಮುಖಗಳನ್ನು ಬರಿಯ ಲೋಹ ಕಾಣುವಂತೆ ಉಜ್ಜಬೇಕು. ಬಣ್ಣ ಕೂಡದು. ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ, ಎದುರು ಬದಿಗಳ ಕ್ರಮದಲ್ಲಿ ಬಿಗಿಯಬೇಕು. ಮೊದಲ 50 ರಿಂದ 100 ಕಿಲೋಮೀಟರಿನೊಳಗೆ ಚಕ್ರವನ್ನು ಬಿಚ್ಚಿ ಒಳಗಿನ ನಟ್ಟುಗಳನ್ನೂ ಮತ್ತೆ ಬಿಗಿಯಬೇಕು. ಹೊರಗಿನವನ್ನು ಮಾತ್ರ ಮುಟ್ಟಿ ನೋಡಿದರೆ ಸಾಲದೆಂಬುದಕ್ಕೆ ಹಂಪಾಪುರದ ಜೀಪೇ ನಿದರ್ಶನ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರ ಹೊಂದದಂತಾಗುವ ರೀತಿಯಲ್ಲಿ ಒಡೆಯನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ವಿಧಿಸಬಹುದಾಗಿದೆ. ಬಿಲ್ಲೆಗಿಂತ ಉತ್ತಮವಾದ ಹಾದಿಯೆಂದರೆ ಬಂಡಿಗೆ ನಿಗದಿಯಾದ ಅಳತೆಯ ಚಕ್ರ ಮತ್ತು ಟೈರನ್ನೇ ಹುಡುಕುವುದು. ಶ್ರಮ ಒಂದೇ, ಫಲ ಬೇರೆ.

ಅಂದು ರಾತ್ರಿ ಆ ಜೀಪು ರಸ್ತೆಯ ಬದಿಯಲ್ಲಿಯೇ ಉಳಿಯಿತು. ನಾವು ಹಂಪಾಪುರದವರೆಗೆ ನಡೆದು ಬಸ್ಸು ಹಿಡಿದೆವು. ಎರಡು ವಾರಗಳ ಅನಂತರ ಹುಡುಗನು ಕಾಲೇಜಿಗೆ ಬಂದಾಗ ಬಿಲ್ಲೆಗಳನ್ನು ತೆಗೆಸಿ, ಹೊಸ ಬೋಲ್ಟುಗಳೊಡನೆ ಹಳೆಯ ಅಳತೆಯ ಟೈರುಗಳನ್ನೇ ಹಾಕಿಸಿರುವುದಾಗಿ ತಿಳಿಸಿದನು. ತುಂಡಾದ ಬೋಲ್ಟೊಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದನು. ಅದನ್ನು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಇರಿಸಿದ್ದೇವೆ. ಹುಕ್ ನಿಯಮವನ್ನು ಬೋಧಿಸುವ ದಿನ ಅದನ್ನು ತರಗತಿಗೆ ಒಯ್ದು, ಮೊದಲು ವಿದ್ಯಾರ್ಥಿಗಳ ಕೈಗೆ ಕೊಡುತ್ತೇವೆ. ಸೂತ್ರವನ್ನು ಆಮೇಲೆ ಬರೆಯುತ್ತೇವೆ.